ಹಿಂದಿನ ಸಂದಿಯ ಬಿಸಿಗಾಳಿ

"ಇವತ್ತೂ ಒಣಗಿಲ್ವಾ?"

ಮುದ್ದೆ ಮುರಿಯುವ ಮೊದಲೇ ಮನು ಕೇಳಿದ. ಊಟದ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆಂದು ಸೌಮ್ಯಳಿಗೆ ಗೊತ್ತಿತ್ತು. ಗಂಡನ ತಟ್ಟೆಗೆ ಹುರುಳಿಕಾಳಿನ ಬಸ್ಸಾರು ಬಿಡುತ್ತಲೇ ಉತ್ತರ ಕೊಟ್ಟಳು.

"ಅರ್ಧ ಒಣಗಿ ನಿಂತೋಯ್ತು. ಮಿಷನ್ ಮುಟ್ಟಿದ್ರೆ ಕೈ ಸುಡ್ತಿತ್ತು. ಆಫ್ ಮಾಡ್ಬಿಟ್ಟೆ."

"ಕುತ್ಗೆವರ್ಗೂ ತುರುಕಿದ್ರೆ ಅದಾದ್ರೂ ಏನ್ ಮಾಡೀತು?" ಒಲೆಯ ಬಳಿಯಿಂದ ಅತ್ತೆ ಸೊಣ್ಣಮ್ಮ ಹೇಳಿದರು.

"ಎರಡು ಬೆಡ್‌ಶೀಟು, ಒಂದು ಪಂಚೆ ಅತ್ತೆ. ಇದಕ್ಕೆ ತುರುಕೋದು ಅಂತಾರಾ?"

"ನಂಗೇನ್ ಗೊತ್ತವ್ವ. ನಾವ್ ಕಲ್ ಮ್ಯಾಲೆ ಬಡ್ದು ಬೇಲಿ ಮ್ಯಾಲೆ ಹಾಕ್ದೋರು."

"ಅಜ್ಜಿ, ಆ ಬೇಲಿ ಇದ್ದ ಕಡೆ ಈಗ ಅಪಾರ್ಟ್‌ಮೆಂಟಿದೆ," ಎಂದಳು ಮಗಳು ಚೈತನ್ಯ, ಕಾಲೇಜಿನ ಪುಸ್ತಕದಿಂದ ತಲೆ ಎತ್ತದೆ.

ಬೇಲಿ ಹೋದದ್ದು ನಿಜ. ಕೋಣನಕುಂಟೆ ಹಳ್ಳಿಯಾಗಿದ್ದಾಗ ಈ ಮನೆಯ ಯಜಮಾನ ಬೋರಣ್ಣ ಅಲ್ಲಿ ರಾಗಿ ಬೆಳೆದವರು. ಹೊಲ ಲೇಔಟ್ ಆಯಿತು. ಉಳಿದ ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿತು. ಕೆಳಮನೆಯಲ್ಲಿ ತಾವು, ಮೇಲೆಲ್ಲ ಬಾಡಿಗೆಯವರು. ಮಗ ಮನು ಸಿಮೆಂಟ್ ಅಂಗಡಿ ಇಟ್ಟವನು, ಖಾಲಿ ಜಾಗ ಕಂಡರೆ ಅವನಿಗೆ ನಿದ್ದೆ ಬರುವುದಿಲ್ಲ. ತಾರಸಿಯ ಮೇಲೂ ಶೀಟಿನ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟ. ಮಿಕ್ಕ ತಾರಸಿಯನ್ನು ಸೋಲಾರ್ ಮತ್ತು ನೀರಿನ ಟ್ಯಾಂಕುಗಳು ಹಿಡಿದವು. ಹೀಗೆ ಬಿಸಿಲನ್ನೂ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಬಟ್ಟೆ ಒಣಗಿಸಲು ಮಿಷನ್ ತರದೆ ಗತಿ ಇರಲಿಲ್ಲ.

ತಂದದ್ದು ಕಳೆದ ವರ್ಷ, ಬೋರಣ್ಣನಿಗೆ ಸ್ಟ್ರೋಕ್ ಆದ ಮೇಲೆ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ತೊದಲುತ್ತದೆ, ಆದರೆ ಬುದ್ಧಿ ಚುರುಕಾಗಿದೆ. ಹಾಸಿಗೆ ಒದ್ದೆಯಾಗುವುದು ಮಾತ್ರ ಅವರ ಕೈಯಲ್ಲಿಲ್ಲ. ಡೈಪರ್ ಹಾಕಿದರೆ ತೊಡೆಯೆಲ್ಲ ಕೆಂಪು ಬೊಬ್ಬೆ ಎದ್ದು, ಡಾಕ್ಟರೇ ಬೇಡ ಎಂದರು. ಮೊದಲ ಮಳೆಗಾಲದಲ್ಲಿ ಅರೆ ಒಣಗಿದ ಬೆಡ್‌ಶೀಟಿನ ಮೇಲೆ ಮಲಗಿ ಬೆನ್ನಿನಲ್ಲಿ ಹುಣ್ಣಾಯಿತು. ಆಗ ಸೌಮ್ಯ ಹಟ ಹಿಡಿದು ಈ ಡ್ರೈಯರ್ ತರಿಸಿದಳು. ಒಣಗಿದ ಬೆಚ್ಚನೆ ಬೆಡ್‌ಶೀಟು ದಿನಾ ಸಿಕ್ಕಿತು, ಹುಣ್ಣು ಮಾಯಿತು. ಸೊಣ್ಣಮ್ಮನಿಗೆ ಮಂಡಿನೋವು. ಮಾವನನ್ನು ಮಗ್ಗುಲಿಗೆ ಹೊರಳಿಸಿ, ಒದ್ದೆಯನ್ನು ಎಳೆದು ಒಣಗಿದ್ದನ್ನು ಹಾಸುವುದೆಲ್ಲ ಸೌಮ್ಯಳೇ. ಅದನ್ನು ಮುಗಿಸಿಕೊಂಡು ಜೆ.ಪಿ. ನಗರದ ಕಣ್ಣಾಸ್ಪತ್ರೆಯ ಕೌಂಟರಿನ ಕೆಲಸಕ್ಕೆ ಓಡುತ್ತಿದ್ದಳು. ಇಂಥ ಸೊಸೆ ಸಿಕ್ಕಿದ್ದು ಆ ಮನೆಯ ಪುಣ್ಯ. ಹಾಗೆಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಮನು ಕೈ ತೊಳೆದು ಬಂದು ಕುರ್ಚಿಯಲ್ಲಿ ಕೂತ.

"ನೋಡವ್ವ, ಕನಕಪುರ ರೋಡಲ್ಲೊಂದು ಕೇರ್ ಸೆಂಟರಿದೆ. ವಿಚಾರಿಸ್ಕೊಂಡು ಬಂದೆ. ನರ್ಸು, ಡಾಕ್ಟ್ರು ಎಲ್ಲಾ ಇದಾರೆ. ಅಪ್ಪನ್ನ ಅಲ್ಲಿಗೆ ಬಿಡೋಣ."

"ಏನಂದೆ?"

"ನಿನ್ ಕೈಲಾಗಲ್ಲ, ಇವಳು ಸೊಂಟ ಹಿಡ್ಕೊಂಡು ಓಡಾಡ್ತಾಳೆ, ಮಿಷನ್ ಬೇರೆ ಕೈಕೊಡ್ತಿದೆ. ಮತ್ತೆ ಬೆನ್ನು ಹುಣ್ಣಾಗ್ಬೇಕಾ?"

"ಹೊಸಾ ಮಿಷನ್ ತಗೊಂಡ್ರಾಯ್ತಲ್ಲ," ಎಂದಳು ಸೌಮ್ಯ.

"ಇದು ತಂದು ಒಂದ್ ವರ್ಷ ಆಗಿಲ್ಲ. ಅದೂ ಹಿಂಗೇ ಆದ್ರೆ?"

"ಆಷಾಡ್ದಲ್ಲಿ ಬೆಕ್ಕನ್ನೂ ಮನೆಯಿಂದ ಆಚೆ ಸಾಗಿಸಲ್ಲ, ಗಂಡನ್ನ ಸಾಗಿಸ್ತೀನಾ?" ಎಂದರು ಸೊಣ್ಣಮ್ಮ. "ಭೀಮ್ನಮಾಸೆ ಪೂಜೆ ಈ ಮನೇಲೇ ಆಗ್ಬೇಕು."

"ಸರಿ, ಅಮಾವಾಸ್ಯೆ ಕಳೀಲಿ. ಮಾರನೇ ದಿನ ಕರ್ಕೊಂಡು ಹೋಗ್ತೀನಿ."

ಬೋರಣ್ಣನ ಕೋಣೆಯ ಬಾಗಿಲು ಊಟದ ಮನೆಗೇ ತೆರೆದುಕೊಂಡಿತ್ತು. ಅವರ ಕಿವಿ ಚೆನ್ನಾಗಿಯೇ ಇದೆ ಎನ್ನುವುದನ್ನು ಎಲ್ಲರೂ ಮರೆತಿದ್ದರು.

ಮಿಷನ್ ಯಾಕೆ ಕೈಕೊಡುತ್ತಿತ್ತು ಎಂಬುದು ಮನೆಯವರಿಗೆ ತಿಳಿಯಲು ಇನ್ನೂ ಕೆಲವು ವಾರ ಬೇಕಾಯಿತು. ನಿಮಗೆ ಈಗಲೇ ಹೇಳಿಬಿಡುತ್ತೇನೆ.

ಬೋರಣ್ಣನಿಗೆ ಮೊಳಕೆ ರಾಗಿಯ ಅಂಬಲಿಯೆಂದರೆ ಪ್ರಾಣ. ಅಂಗಡಿಯ ಹಿಟ್ಟು ತಂದು ಕಾಸಿದರೆ ಮುಖ ಸಿಂಡರಿಸುತ್ತಾರೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಚ್ಚಗಿಟ್ಟು ಮೊಳಕೆ ಬರಿಸಬೇಕು. ಆಮೇಲೆ ಗರಿಗರಿಯಾಗಿ ಒಣಗಿಸಬೇಕು. ಜಿಟಿಜಿಟಿ ಮಳೆ ಹಿಡಿದರೆ ಮೊಳಕೆ ಬಂದದ್ದು ಒಣಗದೆ ಬೂಸಲು ಹಿಡಿಯುತ್ತದೆ. ಈ ಮಳೆಗಾಲದ ಶುರುವಿಗೇ ಸೊಣ್ಣಮ್ಮ ಎರಡು ಗಂಟು ರಾಗಿಯನ್ನು ಹಾಗೆ ಕಳೆದುಕೊಂಡಿದ್ದರು.

ಡ್ರೈಯರಿನ ಬಿಸಿಗಾಳಿ ಹೊರಹೋಗುವ ಪೈಪು ಮನೆಯ ಹಿಂದಿನ ಸಂದಿಗೆ ಬಾಯಿ ಬಿಟ್ಟಿತ್ತು. ಆ ಸಂದಿ ಸೊಣ್ಣಮ್ಮನ ರಾಜ್ಯ. ಹಳೆಯ ಒರಳು, ತುಳಸಿ, ಒಡೆದ ಬಕೆಟ್ಟಿನಲ್ಲಿ ದೊಡ್ಡಪತ್ರೆ. ಬೇರೆ ಯಾರೂ ಅಲ್ಲಿಗೆ ಕಾಲಿಡುವುದಿಲ್ಲ. ಒಂದು ದಿನ ಒರಳಿನ ಪಕ್ಕ ನಿಂತಾಗ ಅವರ ಕಾಲಿಗೆ ಬೆಚ್ಚನೆ ಗಾಳಿ ತಗಲಿತು. ದೇವರೇ ಒಲೆ ಹೊತ್ತಿಸಿ ಕೊಟ್ಟಹಾಗಾಯಿತು. ಪೈಪಿನ ಬಾಯಿಗೆ ಒತ್ತಿದಂತೆ ಒಂದು ಸ್ಟೂಲಿಟ್ಟು, ಅದರ ಮೇಲೆ ರಾಗಿ ಗಂಟು ಕೂರಿಸಿದರು. ಗಾಳಿಯ ಜೊತೆ ಬಟ್ಟೆಯಿಂದ ಉದುರಿದ ಹತ್ತಿಯಂಥ ಜುಂಗು ಹಾರಿ ಬಂದು ರಾಗಿಗೆ ಮೆತ್ತುವುದನ್ನು ಕಂಡು, ಹಳೆಯ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಪೈಪಿನ ಬಾಯಿಗೆ ಬಿಗಿದು ಕಟ್ಟಿದರು. ರಾಗಿ ಗಂಟಿನಲ್ಲಿ ಮೊಳೆಯಿತು, ಮೊರದಲ್ಲಿ ಒಣಗಿತು, ಅಂಬಲಿಯಾಯಿತು. ಸುಮ್ಮನೆ ಹೋಗುವ ಗಾಳಿ ಉಪಯೋಗಕ್ಕೆ ಬಂತಲ್ಲ ಎಂದು ಅವರಿಗೆ ಹಿಗ್ಗು. ಒಳಗೆ ಮಿಷನ್ ಉಸಿರು ಕಟ್ಟಿ, ಕಾದು, ತಾನೇ ನಿಂತುಬಿಡುತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಆ ತಾಯಿಗೆ ಹೇಗೆ ಹೊಳೆಯಬೇಕು?

ರಿಪೇರಿಗೆ ಬಂದವನು ಬಸವಪ್ರಸಾದ್. ಊರು ಬಾಗಲಕೋಟೆಯ ಕಡೆ, ಈಗ ಬಿ.ಟಿ.ಎಂ. ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದಾನೆ. ಅವನು ಬರುತ್ತಾನೆಂದು ತಿಳಿದ ಕೂಡಲೆ ಸೊಣ್ಣಮ್ಮ ಸಂದಿಗೆ ಹೋಗಿ ಗಂಟು, ಮೊರ, ಬಟ್ಟೆ ಎಲ್ಲವನ್ನೂ ತೆಗೆದು ದೇವರಮನೆಯ ಮೂಲೆಗೆ ಸೇರಿಸಿದರು. ಮೊಳೆಯುವ ಕಾಳಿನ ಮೇಲೆ ಹೊರಗಿನವರ ಕಣ್ಣು ಬೀಳಬಾರದು, ಅದು ಅವರ ತಾಯಿಯ ಕಾಲದಿಂದ ಬಂದ ಪದ್ಧತಿ.

ಬಸವಪ್ರಸಾದ್ ಮಿಷನ್ ಓಡಿಸಿ ನೋಡಿದ. ಒದ್ದೆ ಟವೆಲು ಚೆನ್ನಾಗಿ ಒಣಗಿ ಬಂತು. ಹಿಂದಕ್ಕೆ ಹೋಗಿ ಪೈಪಿನ ಬಾಯಿಗೆ ಕೈ ಹಿಡಿದ. ಗಾಳಿ ಕೈಯನ್ನು ದೂಡುತ್ತಿತ್ತು.

"ಮೇಡಂ, ಮಷೀನ್ ಛಲೋ ಐತ್ರಿ. ಫಿಲ್ಟರ್ ಕ್ಲೀನ್ ಮಾಡ್ತೀರಿಲ್ಲೋ?"

"ಪ್ರತಿ ಸಲ ಬಟ್ಟೆ ತೆಗೆದ ಮೇಲೆ ಜುಂಗು ತೆಗೀತೀನಿ."

"ಬರೇ ಕೈಲೇ ತಗದ್ರ ಸಾಲಂಗಿಲ್ರಿ. ವಾರಕ್ಕೊಮ್ಮೆ ಸೋಪಿನ ನೀರಾಗ ತೊಳೀರಿ. ಒಳಗ ಎರಡು ಸ್ಟೀಲ್ ಪಟ್ಟಿ ಅದಾವು ನೋಡ್ರಿ, ಬಟ್ಟಿ ಹಸಿ ಐತೋ ಇಲ್ಲೋ ಅದಕ್ಕ ತಿಳಿಯೋದು ಅವುಗಳಿಂದ. ಅವನ್ನ ಒರಸ್ರಿ. ಬೆಡ್‌ಶೀಟ್ ಝಾಡಿಸಿ ಬಿಡಿಬಿಡಿ ಮಾಡಿ ಹಾಕ್ರಿ, ಉಂಡಿ ಆಗಬಾರ್ದು."

ಸೌಮ್ಯ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು. ಆ ದಿನ ಬೆಡ್‌ಶೀಟುಗಳು ಒಣಗಿದವು. ಮರುದಿನ ಸೊಣ್ಣಮ್ಮನ ಗಂಟು ಮರಳಿ ಸ್ಟೂಲಿಗೆ ಬಂತು, ಮಿಷನ್ ಮರಳಿ ನಿಂತಿತು. ಮತ್ತೆ ಬಸವಪ್ರಸಾದನನ್ನು ಕರೆಸಿದರು. ಅವನು ಬಂದಾಗ ಮತ್ತೆ ಸರಿಯಾಗಿ ಓಡಿತು. ಒಳಗಿನ ಒಂದು ಭಾಗವನ್ನೂ ಬದಲಿಸಿ ಹೋದ. ಎರಡು ದಿನಕ್ಕೆ ಮತ್ತೆ ಅದೇ ಕಥೆ.

"ಅವ್ನಿದ್ದಾಗ ಓಡುತ್ತೆ, ನೀನಿದ್ದಾಗ ನಿಲ್ಲುತ್ತೆ ಅಂದ್ರೆ ಏನರ್ಥ?" ಎಂದ ಮನು.

"ನನ್ ಕೈಗುಣ ಅಂತೀರಾ?"

"ನಾನಂಗಂದ್ನಾ?"

"ಇನ್ನೇನಂದ್ರಿ? ನಾಳೆಯಿಂದ ನೀವೇ ಹಾಕಿ, ನೀವೇ ತೆಗೀರಿ. ಆಗ ಗೊತ್ತಾಗುತ್ತೆ."

"ಮೆಲ್ಲಗ್ ಮಾತಾಡ್ರೋ," ಎಂದರು ಸೊಣ್ಣಮ್ಮ. "ಒಳ್ಗೆ ಕೇಳಿಸ್ತದೆ."

ಮೆಲ್ಲಗೆ ಮಾತಾಡಲು ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅರೆ ಒಣಗಿದ ಬೆಡ್‌ಶೀಟನ್ನು ಸೌಮ್ಯ ಹಾಲಿನ ಫ್ಯಾನಿನ ಕೆಳಗೆ ಎರಡು ಕುರ್ಚಿಗಳ ಮೇಲೆ ಹರವಿದಳು. ಚೈತನ್ಯ ಅದಕ್ಕೆ ಇಸ್ತ್ರಿ ಪೆಟ್ಟಿಗೆ ಹಿಡಿದಳು. ಮನೆಯೆಲ್ಲ ಹಸಿ ಬಟ್ಟೆಯ ವಾಸನೆ.

ಕೆಲವು ದಿನ ಕಳೆಯಿತು. ಬೋರಣ್ಣನ ಹಾಸಿಗೆ ಒದ್ದೆಯಾಗುವುದು ಕಡಿಮೆಯಾಗುತ್ತ ಬಂತು. ಕೆಲವು ದಿನ ಬೆಳಿಗ್ಗೆ ನೋಡಿದರೆ ಒಣಗಿಯೇ ಇರುತ್ತಿತ್ತು.

"ಮಾವ ಹುಷಾರಾಗ್ತಿದ್ದಾರೆ ಅತ್ತೆ," ಎಂದು ಸೌಮ್ಯ ಖುಷಿಯಿಂದ ಹೇಳಿದಳು. "ಇವರಿಗೂ ಹೇಳ್ತೀನಿ, ಸೆಂಟರ್ ಗಿಂಟರ್ ಏನೂ ಬೇಡ."

ಸೊಣ್ಣಮ್ಮ ಖುಷಿಪಡಲಿಲ್ಲ. "ಅಂಬ್ಲಿ ಹಿಡಿದ್ರೆ ಬಾಯಿ ಮುಚ್ಕತಾರೆ ಕಣವ್ವ. ನಾಕ್ ಗುಟುಕು ಕುಡ್ದು ಸಾಕು ಅಂತಾರೆ. ರುಚಿ ಸಾಲ್ದು ಅಂತ ಕಾಣ್ತದೆ. ಇನ್ನೊಸಿ ರಾಗಿ ಮೊಳ್ಕೆ ಕಟ್ತೀನಿ."

ಅಂದಿನಿಂದ ಸಂದಿಯ ಸ್ಟೂಲು ಒಂದು ದಿನವೂ ಖಾಲಿಯಿರಲಿಲ್ಲ. ಡ್ರೈಯರ್ ಒಂದು ದಿನವೂ ಪೂರ್ತಿ ಓಡಲಿಲ್ಲ.

ಅಮಾವಾಸ್ಯೆಗೆ ಒಂದು ವಾರವಿರುವಾಗ ಬೋರಣ್ಣನಿಗೆ ತಲೆ ಸುತ್ತಿ ಕಣ್ಣು ಮೇಲಾಯಿತು. ಡಾಕ್ಟರು ಮನೆಗೆ ಬಂದು ಡ್ರಿಪ್ ಹಾಕಿದರು. ತುಟಿ ಒಣಗಿ ಬಿರಿದಿರುವುದನ್ನು ತೋರಿಸಿ ಬೈದರು. "ಇವರಿಗೆ ನೀರು ಯಾರೂ ಕೊಡ್ತಿಲ್ವಾ? ಹಿಂಗೇ ಆದ್ರೆ ಕಿಡ್ನಿಗೆ ಹೊಡೆಯುತ್ತೆ. ಆಸ್ಪತ್ರೆಗೆ ಸೇರಿಸ್ಬೇಕಾಗುತ್ತೆ."

"ನೋಡಿದ್ಯಾ ಅವ್ವ? ಅಲ್ಲಾಗಿದ್ರೆ ನರ್ಸು ಹೊತ್ತೊತ್ತಿಗೆ ಕೊಡ್ತಿದ್ಲು," ಎಂದ ಮನು.

ಸೌಮ್ಯ ಎಲ್ಲರೂ ಹೊರಹೋದ ಮೇಲೆ ಚಮಚದಲ್ಲಿ ನೀರು ಹಿಡಿದು ಮಾವನ ಪಕ್ಕ ಕೂತಳು. ಬೋರಣ್ಣ ಎಡಗೈಯಿಂದ ಚಮಚವನ್ನು ಮೆಲ್ಲಗೆ ದೂಡಿದರು.

"ಯಾಕೆ ಮಾವ?"

ಮಾತು ತೊದಲುತ್ತ ಬಂತು. "ಒದ್ದೆ... ಆಯ್ತದೆ. ಮಿಷನ್ನು... ಓಡ್ತಿಲ್ಲ. ನಿಂಗೆ... ಕಷ್ಟ."

ಹುಷಾರಾಗುತ್ತಿದ್ದಾರೆ ಎಂದು ತಾನು ಸಂಭ್ರಮಪಟ್ಟದ್ದು ಸೌಮ್ಯಳಿಗೆ ನೆನಪಾಯಿತು. ಎದ್ದು ಊಟದ ಮನೆಗೆ ಬಂದು ಗಂಡ, ಅತ್ತೆ, ಮಗಳ ಮುಂದೆ ಅತ್ತುಬಿಟ್ಟಳು.

"ಬೆಡ್‌ಶೀಟ್ ಒದ್ದೆಯಾಗುತ್ತೆ ಅಂತ ನೀರು ಬಿಟ್ಟಿದ್ದಾರೆ. ದಿನಾ ಇಲ್ಲಿ ಕೂತ್ಕೊಂಡು ಕಚ್ಚಾಡಿದ್ವಲ್ಲ, ಅದನ್ನೆಲ್ಲ ಕೇಳಿಸ್ಕೊಂಡಿದ್ದಾರೆ."

ಮನುವಿನ ಮುಖ ಸಣ್ಣದಾಯಿತು. "ಅದಕ್ಕೇ ಹೇಳ್ತಿರೋದು ನಾನು. ಅಲ್ಲಿ ಈ ಸಂಕೋಚ ಇರಲ್ಲ."

"ಅಲ್ಲಿಗೋದ್ರೆ ಪೂರ್ತಿ ಬಾಯಿ ಮುಚ್ತಾರೆ," ಎಂದರು ಸೊಣ್ಣಮ್ಮ. "ಅವ್ರು ಬದ್ಕಲ್ಲ ಕಣ್ಲಾ."

"ಇಲ್ಲಿ ಮಾತ್ರ ಬದುಕ್ತಾರಾ ಹಿಂಗೆ?"

ಅಂದು ಸಾರು ಒಲೆಯ ಮೇಲೆಯೇ ಆರಿತು.

ಭೀಮನ ಅಮಾವಾಸ್ಯೆಯ ದಿನ ಸೌಮ್ಯ ರಜೆ ಹಾಕಿದಳು. ಮರುದಿನಕ್ಕೆ ಮನು ಗಾಡಿ ಹೇಳಿಯಾಗಿತ್ತು. ಬೆಳಿಗ್ಗೆ ಸೊಣ್ಣಮ್ಮ ಗಂಡನ ಪಾದಕ್ಕೆ ಅರಿಸಿನ ಕುಂಕುಮವಿಟ್ಟು ಪೂಜೆ ಮಾಡಿದರು. ಎದ್ದೇಳಲು ಮಂಡಿ ಬರದೆ ಅಲ್ಲೇ ಮಂಚದ ಕಾಲು ಹಿಡಿದು ಕೂತುಬಿಟ್ಟರು. ಮೊಮ್ಮಗಳು ಕೈ ಕೊಟ್ಟು ಎಬ್ಬಿಸಬೇಕಾಯಿತು.

ನಾಳೆ ಮಾವನ ಜೊತೆ ಕಳಿಸುವ ಬಟ್ಟೆಗಳಾದರೂ ಒಣಗಲಿ ಎಂದು ಸೌಮ್ಯ ಎಲ್ಲವನ್ನೂ ಒಗೆದು ಡ್ರೈಯರಿಗೆ ಹಾಕಿದಳು. ಇವತ್ತು ಮಾತ್ರ ಹಾಕಿ ಹೋಗಿಬಿಡಲಿಲ್ಲ. ಒಂದು ಮಣೆ ತಂದು ಮಿಷನ್ನಿನ ಮುಂದೆಯೇ ಕೂತಳು. ಬಸವಪ್ರಸಾದ್ ಇದ್ದಾಗ ಓಡುತ್ತದೆ, ಇಲ್ಲದಾಗ ನಿಲ್ಲುತ್ತದೆ. ಅವನಿದ್ದಾಗ ಇರುವಂಥದ್ದು ಏನು, ಇಲ್ಲದಂಥದ್ದು ಏನು? ಮಿಷನ್ ಸ್ವಲ್ಪ ಹೊತ್ತು ಓಡಿ ಕಾಯತೊಡಗಿತು. ಹಿಂಬದಿಯ ಪೈಪಿನ ಮೇಲೆ ಕೈಯಿಟ್ಟಳು. ಗೋಡೆಯವರೆಗೂ ಕೆಂಡದಂತೆ ಸುಡುತ್ತಿತ್ತು. ಈ ಬಿಸಿಯೆಲ್ಲ ಹೊರಗೆ ಹೋಗುತ್ತಿದೆಯೇ ಎಂದು ನೋಡಲು ಹಿಂದಿನ ಸಂದಿಗೆ ಹೋದಳು.

ಸ್ಟೂಲು. ಅದರ ಮೇಲೊಂದು ಮೊರ. ಮೊರದ ತುಂಬ ಮೊಳಕೆ ಬಂದ ರಾಗಿ. ಪಕ್ಕದಲ್ಲಿ ಇನ್ನೊಂದು ಗಂಟು. ಪೈಪಿನ ಬಾಯಿಗೆ ಬಿಗಿದ ಸೀರೆಯ ತುಂಡು ಕಾಣದಷ್ಟು ದಪ್ಪಗೆ ಜುಂಗು ಕೂತಿತ್ತು. ಕೈ ಹಿಡಿದರೆ ಗಾಳಿಯ ಸುಳಿವಿಲ್ಲ.

"ಅತ್ತೇ!"

ಸೊಣ್ಣಮ್ಮ ಗೋಡೆ ಹಿಡಿದುಕೊಂಡು ಬಂದರು. "ಅಯ್ಯೋ, ಮುಟ್ಬೇಡ ಕಣವ್ವ, ಇನ್ನೂ ಒಣಗಿಲ್ಲ."

"ಇದನ್ನ ಯಾವಾಗಿಂದ ಕಟ್ಟಿದ್ದೀರಿ?"

"ಮಳೆ ಹಿಡ್ದಾಗ್ಲಿಂದ. ಯಾಕೆ? ಹೋಗೋ ಗಾಳಿ ತಾನೆ?"

"ಹೋಗೋ ಗಾಳಿ ಹೋಗ್ಲೇಬೇಕು ಅತ್ತೆ! ಹೋಗ್ದೇ ಇದ್ರೆ ಮಿಷನ್ ನಿಂತೋಗುತ್ತೆ! ಇಷ್ಟು ದಿನ ನಾನು ತುರುಕ್ತೀನಿ ಅಂದ್ರಿ, ಅವರು ನನ್ ಕೈಗುಣ ಅಂದ್ರು. ಮಾವ ನೀರು ಬಿಟ್ಟು ಮಲಗಿದ್ದಾರೆ. ನಾಳೆ ಗಾಡಿ ಬರುತ್ತೆ. ಎಲ್ಲಾ ಈ ಒಂದು ಮೊರ ರಾಗಿಗಾ?"

ಸೊಣ್ಣಮ್ಮನಿಗೆ ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಅರ್ಥವಾದಾಗ ಒರಳಿನ ಮೇಲೆ ಕುಸಿದು ಕೂತರು.

"ಅವ್ರು ಕುಡೀಲಿ ಅಂತ ಮಾಡ್ದೆ ಕಣವ್ವ. ನಾನೇ ಅವ್ರ ಬಾಯಿ ಕಟ್ದಂಗಾಯ್ತಲ್ಲ. ನಾನೇ ಅವ್ರನ್ನ ಮನೆಯಿಂದ ಓಡ್ಸದಂಗಾಯ್ತಲ್ಲ."

ಸೆರಗು ಬಾಯಿಗೆ ಒತ್ತಿಕೊಂಡು ಆ ಮುದುಕಿ ಅತ್ತದ್ದನ್ನು ನೋಡಿ ಸೌಮ್ಯಳ ಸಿಟ್ಟು ಎಲ್ಲಿಗೆ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಬಟ್ಟೆ ಬಿಚ್ಚಿದಳು. ಒಳಗೂ ಜುಂಗು ಗಟ್ಟಿಯಾಗಿ ಸೇರಿಕೊಂಡಿತ್ತು. ಮಿಷನ್ ಆಫ್ ಮಾಡಿ, ಕಡ್ಡಿಪೊರಕೆ ತೂರಿಸಿ, ಕೆರೆದು ಕೆರೆದು ತೆಗೆದಳು. ಬಸವಪ್ರಸಾದನಿಗೆ ಫೋನು ಮಾಡಿ ಕೇಳಿದಳು.

"ಯವ್ವಾ! ಬೆಂಕಿ ಹತ್ತಲಿಲ್ಲಲ್ರಿ ಮೇಡಂ, ದೇವ್ರು ದೊಡ್ಡಾಂವ. ಎಲ್ಲಾ ಆರಲಿ, ಆಮ್ಯಾಲೆ ಹಚ್ಚಿ ನೋಡ್ರಿ."

ಆರಿದ ಮೇಲೆ ಹಚ್ಚಿದಳು. ಸಂದಿಗೆ ಬಂದು ನಿಂತಾಗ ಪೈಪಿನ ಗಾಳಿ ಅವಳ ಸೀರೆಯ ನಿರಿಗೆಯನ್ನು ಪಟಪಟ ಹಾರಿಸಿತು. ಮಿಷನ್ ನಡುವೆ ಎಲ್ಲೂ ನಿಲ್ಲದೆ ಓಡಿ, ಕೆಲಸ ಮುಗಿಸಿ, ಕುಂಯ್ ಎಂದು ಕೂಗಿತು. ಬಟ್ಟೆಯೆಲ್ಲ ಗರಿಗರಿ.

ಸಂಜೆ ಊಟಕ್ಕೆ ಕೂತಾಗ ಸೌಮ್ಯಳೇ ಮಾತು ತೆಗೆದಳು. "ಮಿಷನ್ ಸರಿಹೋಯ್ತು. ಪೈಪಲ್ಲಿ ಜುಂಗು ಕಟ್ಕೊಂಡಿತ್ತು, ನಾನು ನೋಡಿರ್ಲಿಲ್ಲ. ಕ್ಲೀನ್ ಮಾಡ್ದೆ."

ಅಷ್ಟಕ್ಕೇ ಬಿಟ್ಟು ಸೌಟು ಹಿಡಿದಳು. ಸೊಣ್ಣಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಇವ್ಳು ಸುಳ್ ಹೇಳ್ತವ್ಳೆ ಕಣ್ಲಾ. ಪೈಪಿನ್ ಬಾಯ್ಗೆ ಬಟ್ಟೆ ಕಟ್ದೋಳು ನಾನು. ನಿಮ್ಮಪ್ಪಂಗೆ ರಾಗಿ ಒಣಗಿಸ್ದೆ. ತಪ್ಪು ನಂದು, ಬೈಸ್ಕಂಡೋಳು ಇವ್ಳು."

"ಅಂದ್ರೆ ತಾತ ಕುಡ್ದಿದ್ದು ಬೆಡ್‌ಶೀಟ್ ಗಾಳಿಲಿ ಒಣಗಿದ್ ರಾಗಿನಾ? ಯಕ್!" ಎಂದಳು ಚೈತನ್ಯ.

"ಒಗ್ದಿದ್ ಬೆಡ್‌ಶೀಟೇ ತಾನೆ? ಸುಮ್ನೆ ಉಣ್ಣು."

ಮನು ಮೊದಲು ತಾಯಿಯನ್ನು ನೋಡಿದ, ಆಮೇಲೆ ಹೆಂಡತಿಯನ್ನು. ನಗಬೇಕೋ ಬೈಯಬೇಕೋ ತಿಳಿಯದೆ ಮುದ್ದೆ ಹಿಡಿದ ಕೈ ಹಾಗೇ ನಿಂತಿತು.

"ಆದ್ರೂ ಅಪ್ಪ ನೀರು ಕುಡೀತಿಲ್ವಲ್ಲ," ಎಂದ ಮೆಲ್ಲಗೆ. ಆ ಮನೆಯಲ್ಲಿ ಮೆಲ್ಲಗೆ ಆಡಿದ ಮೊದಲ ಮಾತು ಅದೇ ಇರಬೇಕು.

ಸೌಮ್ಯ ಅಂಬಲಿಯ ಲೋಟ, ಆಗತಾನೇ ಒಣಗಿದ ಬೆಡ್‌ಶೀಟು ಎರಡನ್ನೂ ತೆಗೆದುಕೊಂಡು ಕೋಣೆಗೆ ಹೋದಳು. ಉಳಿದವರು ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಅವಳು ಬೆಡ್‌ಶೀಟನ್ನು ಮಾವನ ಎಡಗೈಗೆ ಮುಟ್ಟಿಸಿದಳು.

"ನೋಡಿ ಮಾವ, ಬಿಸಿ ಇದೆ. ಮಿಷನ್ ಓಡ್ತಿದೆ. ನೀವ್ ಕುಡೀರಿ. ಒದ್ದೆಯಾದ್ರೆ ಒಗೆಯೋಣ, ಒಣಗಿಸೋಣ. ಅದೊಂದು ಕಷ್ಟಾನಾ? ನೀವ್ ಕುಡೀದೇ ಇರೋದೇ ನಂಗೆ ಕಷ್ಟ."

ಬೋರಣ್ಣ ಬೆಡ್‌ಶೀಟನ್ನು ಬೆರಳಿನಲ್ಲಿ ಹಿಸುಕಿ ನೋಡಿದರು. ಬಾಗಿಲಲ್ಲಿ ನಿಂತ ಮಗನನ್ನು ನೋಡಿದರು.

"ಗಾಡಿ ಬೇಡ ಅಂತ ಹೇಳ್ತೀನಿ ಅಪ್ಪ," ಎಂದ ಮನು. "ನೀನ್ ಎಲ್ಲೂ ಹೋಗಲ್ಲ. ಕುಡಿ."

ಬೋರಣ್ಣ ಕುಡಿದರು. ನಡುವೆ ಒಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಂಡು, ಲೋಟ ಬರಿದಾಗುವವರೆಗೂ ಕುಡಿದರು.

ಮರುದಿನ ಬೆಳಿಗ್ಗೆ ಸೊಣ್ಣಮ್ಮನ ಕೂಗಿಗೆ ಮನೆಯೆಲ್ಲ ಎದ್ದಿತು.

"ಸೌಮ್ಯಾ! ಬಾರೇ ಇಲ್ಲಿ! ಒದ್ದೆ ಮಾಡವ್ರೆ ಕಣೇ! ಹಾಸ್ಗೆ ಎಲ್ಲಾ ಒದ್ದೆ!"

ಲಾಟರಿ ಹೊಡೆದವರೂ ಹಾಗೆ ಕೂಗುವುದಿಲ್ಲ. ಸೌಮ್ಯ ಜಡೆ ಹಾಕದೆ ಓಡಿ ಬಂದಳು. ಅವಳು ಮಾವನನ್ನು ಮಗ್ಗುಲಿಗೆ ಹೊರಳಿಸುವಷ್ಟರಲ್ಲಿ ಮನು ಬಂದು ಒದ್ದೆ ಬೆಡ್‌ಶೀಟನ್ನು ತಾನೇ ಎಳೆದು ಉಂಡೆ ಮಾಡಿ ಡ್ರೈಯರಿನ ಕಡೆ ಹೊರಟ.

"ಮೊದ್ಲು ಒಗೀಬೇಕು ಕಣ್ರೀ!" ಎಂದು ಸೌಮ್ಯ ಕೂಗಿದಳು. "ಒಗೆಯೋ ಮಿಷನ್ ಆ ಕಡೆ ಇದೆ!"

ಸೊಣ್ಣಮ್ಮ ನಗುತ್ತಿದ್ದವರು ನಗು ನಿಲ್ಲಿಸಿ ಸೊಸೆಯ ಎರಡೂ ಕೈ ಹಿಡಿದುಕೊಂಡರು. "ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ. ಇಷ್ಟ್ ವರ್ಷ ಒಂದಿನಾನೂ ಹೇಳ್ಲಿಲ್ಲ ನಾನು. ನೀನಿದ್ದೀಯ ಅಂತ ಅವ್ರು ಉಳ್ಕಂಡವ್ರೆ. ನಾನೂ ಅಷ್ಟೇಯ."

ಸೌಮ್ಯಳ ಕಣ್ಣು ತುಂಬಿತು. "ಬಿಡಿ ಅತ್ತೆ, ಇನ್ನೊಂದು ಬೆಡ್‌ಶೀಟ್ ಹಾಸ್ಬೇಕು," ಎಂದಳು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಹಾಸಿಗೆಯಿಂದ ಬೋರಣ್ಣ ಮತ್ತೆ ನೀರು ಕೇಳಿದರು.